ಔಷಧವೇ ಸೋತಾಗ

ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ ಮಹಿಳೆಯ ವೃತ್ತಾಂತವನ್ನು ಸಂತ ಮಾರ್ಕನ ಶುಭಸಂದೇಶದ 5ನೇ ಅಧ್ಯಾಯದಲ್ಲಿ ನಾವೆಲ್ಲರೂ ಓದಿದ್ದೇವೆ. ವೈದ್ಯರಿಂದ ವೈದ್ಯರಿಗೆ ಅಲೆದು ಇದ್ದುದನ್ನೆಲ್ಲ ಕಳೆದುಕೊಂಡರೂ ಆಕೆಯ ವ್ಯಾಧಿ ಉಲ್ಬಣಿಸಿತೇ ಹೊರತು ಶಮನವಾಗಲಿಲ್ಲ. ಆಕೆ ಗುಣಹೊಂದಿದ್ದನ್ನು ಸ್ಮರಿಸುವ ನಾವು ಆ ಹನ್ನೆರಡು ವರ್ಷಗಳನ್ನು ಮರೆತುಬಿಡುತ್ತೇವೆ.

ಕುಸುಮರೋಗವೆನಿಸಿದ ಹಿಮೋಫಿಲಿಯಾ ಇರುವ ಕೆಲವು ಮನೆಗಳಲ್ಲಿ ಇಂದಿಗೂ ಅಂಥ ವರ್ಷಗಳೇ ಉರುಳುತ್ತಿವೆ. ಇದರ ‘ಎ’ ಬಗೆಯಲ್ಲಿ ರಕ್ತವನ್ನು ಹೆಪ್ಪುಗಟ್ಟಿಸುವ ಫ್ಯಾಕ್ಟರ್ 8 ಎಂಬ ಅಂಶದ ಕೊರತೆಯಿರುತ್ತದೆ; ಬಾಧೆಗೊಳಗಾಗುವವರು ಹೆಚ್ಚಾಗಿ ಗಂಡುಮಕ್ಕಳು. ಆ ಅಂಶವನ್ನು ಚುಚ್ಚುಮದ್ದಿನ ಮೂಲಕ ಒದಗಿಸುವುದೇ ರೂಢಿಯ ಚಿಕಿತ್ಸೆ. ಆದರೆ ತೀವ್ರ ಸ್ವರೂಪದ ವ್ಯಾಧಿಯುಳ್ಳ ನೂರರಲ್ಲಿ ಸುಮಾರು 30 ಮಂದಿಯ ಶರೀರವು, ಹೊರಗಿನಿಂದ ಬಂದ ಆ ಅಂಶವನ್ನೇ ಶತ್ರುವೆಂದು ಬಗೆದು ಪ್ರತಿಕಾಯಗಳನ್ನು ನಿರ್ಮಿಸುತ್ತದೆ. ಆಗ ಔಷಧವೇ ನಿಷ್ಫಲ. ಕೀಲುಗಳಲ್ಲಿ ಮತ್ತೆ ಮತ್ತೆ ರಕ್ತ ತುಂಬಿ ಬಾಲಕನ ನಡಿಗೆ ಕುಂಟಾಗುತ್ತದೆ. ಮೆದುಳಿನಲ್ಲಿ ಸ್ರಾವವಾದರೆ ಪ್ರಾಣಕ್ಕೇ ಸಂಚಕಾರ.

ಹಾಗೆಂದು ದಾರಿ ಮುಚ್ಚಿಲ್ಲ. ಫ್ಯಾಕ್ಟರ್ 8ರ ಹಂಗಿಲ್ಲದೆ ರಕ್ತವನ್ನು ಹೆಪ್ಪುಗಟ್ಟಿಸುವ ಔಷಧಗಳಿವೆ. 2017ರಲ್ಲಿ ಅಮೆರಿಕದಲ್ಲಿ ಅಂಗೀಕಾರ ಪಡೆದ ಎಮಿಸಿಜುಮ್ಯಾಬ್, ಫ್ಯಾಕ್ಟರ್ 9 ಮತ್ತು 10ರ ನಡುವೆ ಸೇತುವೆಯಂತೆ ನಿಂತು ಕೊರತೆಯಾದ ಅಂಶದ ಕಾರ್ಯವನ್ನು ತಾನೇ ನಿರ್ವಹಿಸುತ್ತದೆ. ವಾರಕ್ಕೊಮ್ಮೆ, ಎರಡು ಅಥವಾ ನಾಲ್ಕು ವಾರಗಳಿಗೊಮ್ಮೆ ಚರ್ಮದಡಿ ಕೊಟ್ಟರೆ ರಕ್ತಸ್ರಾವ ಬಹುಮಟ್ಟಿಗೆ ತಡೆಯಲ್ಪಡುತ್ತದೆ. ಆದರೆ ಅದರ ಬೆಲೆ ಸಾಧಾರಣ ಕುಟುಂಬದ ಅಳವಿಗೆ ಮೀರಿದ್ದು.

ನೈತಿಕ ಪ್ರಶ್ನೆ ಏಳುವುದು ಇಲ್ಲಿಯೇ. ಜೀವರಕ್ಷಣೆಗೆ ಸಾಮಾನ್ಯ ಸಾಧನಗಳನ್ನು ಬಳಸುವುದು ಕರ್ತವ್ಯ, ಅಸಾಮಾನ್ಯ ಸಾಧನಗಳಿಗೆ ಆ ಕಟ್ಟುಪಾಡಿಲ್ಲ ಎಂದು ಜಗದ್ಗುರು ಹನ್ನೆರಡನೆಯ ಪಯಸ್‌ರವರು 1957ರಲ್ಲಿ ವೈದ್ಯರಿಗೆ ಬೋಧಿಸಿದ್ದರು. ಹಾಗಿದ್ದಮೇಲೆ ದುಬಾರಿ ಔಷಧವನ್ನು ಕೈಬಿಟ್ಟು, ಎಲ್ಲವೂ ದೈವಚಿತ್ತವೆಂದು ಸುಮ್ಮನಿರಬಾರದೇ ಎಂದು ಕೇಳುವವರುಂಟು. ಈ ತರ್ಕವನ್ನು ನಾವು ಒಪ್ಪಲಾರೆವು. ಆ ಭೇದವಿರುವುದು ರೋಗಿಯ ಹಾಗೂ ಮನೆಯವರ ಮನಸ್ಸಾಕ್ಷಿಯ ಭಾರವನ್ನು ಇಳಿಸಲೆಂದೇ ಹೊರತು ನೆರೆಹೊರೆಯವರ ಹೊಣೆಯನ್ನು ಇಳಿಸಲೆಂದಲ್ಲ. ಒಂದು ಮನೆ ಹೊರಲಾರದ ಹೊರೆಯನ್ನು ಸಮಾಜವು ಹೊರಬಲ್ಲದು.

ಆದ್ದರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಇಂತಹ ಔಷಧಗಳು ತಪ್ಪದೆ ದೊರೆಯಬೇಕೆಂದು ಕೇಳುವುದು ಭಿಕ್ಷೆಯಲ್ಲ, ನ್ಯಾಯ. ನಮ್ಮ ಧರ್ಮಕೇಂದ್ರಗಳು ಈ ಕೇಳಿಕೆಗೆ ದನಿಗೂಡಿಸಲಿ. ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯಂತಹ ಸಂಸ್ಥೆಗಳನ್ನು ಕುಟುಂಬಗಳಿಗೆ ಪರಿಚಯಿಸಲಿ. ತಾಯಿಯ ಕಡೆಯಿಂದ ಬಂದ ವ್ಯಾಧಿಯೆಂದು ಸೊಸೆಯನ್ನು ಹಳಿಯುವ ನಾಲಿಗೆಗಳಿಗೂ ಕಡಿವಾಣ ಬೀಳಲಿ. ಸುಮಾರು ಮೂರರಲ್ಲಿ ಒಂದು ಪ್ರಕರಣದಲ್ಲಿ ವಂಶದಲ್ಲಿ ಹಿಂದೆ ಯಾರಿಗೂ ಈ ವ್ಯಾಧಿ ಇದ್ದಿರುವುದಿಲ್ಲ.

ಯಾಯೀರನ ಮಗಳನ್ನು ಉಳಿಸಲು ಹೊರಟಿದ್ದ ಪ್ರಭು ಯೇಸು, ಜನಜಂಗುಳಿಯ ನಡುವೆ ಆ ಒಬ್ಬ ಮಹಿಳೆಗಾಗಿ ನಿಂತರು. ನಮ್ಮ ಪಕ್ಕದ ಮನೆಯ ಬಾಲಕನಿಗಾಗಿ ನಾವು ನಿಲ್ಲಬೇಡವೇ?