ಮೇಲ್ಮನೆಯ ಮೆಟ್ಟಿಲು

ವಿಜಯಪುರ ಜಿಲ್ಲೆಯ ದೇವರ ಹಿಪ್ಪರಗಿಯಲ್ಲಿ ಒಂದು ಕೂಡು ಮನೆಯಿದೆಯೆಂದು ಭಾವಿಸಬಹುದು. ಹಿರಿಯಣ್ಣ ಒಕ್ಕಲುತನ ಮಾಡುವವನು. ಶಾಲೆಯ ಮೆಟ್ಟಿಲು ಹತ್ತಿದ್ದು ಕಡಿಮೆ. ಆತನ ಮಡದಿ ಪಟ್ಟಣ ಪಂಚಾಯಿತಿಯ ಸದಸ್ಯೆ. ತಮ್ಮ ಪ್ರೌಢಶಾಲೆಯ ಉಪಾಧ್ಯಾಯ. ಮಗಳು ಬಿ.ಎ. ಮುಗಿಸಿ ನಾಲ್ಕು ವರ್ಷಗಳಾದವು. ವಿಧಾನಸಭೆಯ ಚುನಾವಣೆಯ ದಿನ ನಾಲ್ವರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ವಿಧಾನ ಪರಿಷತ್ತಿನ ಚುನಾವಣೆ ಬಂದಾಗ ಮಾತ್ರ ಒಬ್ಬೊಬ್ಬರ ಪಾಲು ಒಂದೊಂದು ಬಗೆ.

ಪರಿಷತ್ತಿನ ಸ್ಥಾನಗಳು 75. ಅವುಗಳಲ್ಲಿ 25 ಸ್ಥಾನಗಳಿಗೆ ಸ್ಥಳೀಯ ಸಂಸ್ಥೆಗಳ ಸದಸ್ಯರೂ, 25ಕ್ಕೆ ಶಾಸಕರೂ, 7ಕ್ಕೆ ಪದವೀಧರರೂ, 7ಕ್ಕೆ ಶಿಕ್ಷಕರೂ ಮತ ನೀಡುತ್ತಾರೆ. ಉಳಿದ 11 ಮಂದಿಯನ್ನು ರಾಜ್ಯಪಾಲರು ನೇಮಿಸುತ್ತಾರೆ. ಆದ್ದರಿಂದ ಮಡದಿಗೆ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಲ್ಲಿ ಮತವುಂಟು. ಪದವೀಧರನೂ ಆಗಿರುವ ತಮ್ಮನಿಗೆ ಎರಡು ಕ್ಷೇತ್ರಗಳಲ್ಲಿ ಮತ. ಆದರೆ ಪ್ರಾಥಮಿಕ ಶಾಲೆಯ ಉಪಾಧ್ಯಾಯರಿಗೆ ಶಿಕ್ಷಕರ ಕ್ಷೇತ್ರದಲ್ಲಿ ಮತವಿಲ್ಲ. ಪದವಿ ಪಡೆದು ಮೂರು ವರ್ಷ ಕಳೆದಿರುವ ಮಗಳು ಅರ್ಹಳೇ. ಆದರೂ ಮತದಾರರ ಪಟ್ಟಿ ಪ್ರತಿ ಸಲವೂ ಹೊಸದಾಗಿ ಸಿದ್ಧವಾಗುವುದರಿಂದ, ಅರ್ಜಿ ಸಲ್ಲಿಸದಿದ್ದರೆ ಅವಳ ಹಕ್ಕು ಪೆಟ್ಟಿಗೆಯೊಳಗಿನ ಪ್ರಮಾಣಪತ್ರದಂತೆಯೇ ಉಳಿಯುತ್ತದೆ.

ಹೀಗೆ ಆಯ್ಕೆಯಾದವರ ಅವಧಿ 6 ವರ್ಷ. ಎರಡು ವರ್ಷಗಳಿಗೊಮ್ಮೆ ಸುಮಾರು ಮೂರನೆಯ ಒಂದು ಭಾಗದವರು ನಿವೃತ್ತರಾಗುತ್ತಾರೆ. ವಿಧಾನಸಭೆ ವಿಸರ್ಜನೆಗೊಂಡರೂ ಪರಿಷತ್ತು ಹಾಗೆಯೇ ಉಳಿಯುತ್ತದೆ. ರಾಜ್ಯಸಭೆಯ ಕ್ರಮವೂ ಇಂಥದೇ. ಅಲ್ಲಿಗೆ ಕರ್ನಾಟಕದ 12 ಮಂದಿಯನ್ನು ಶಾಸಕರು ಆರಿಸುತ್ತಾರೆ. ಅಮೆರಿಕದ ಸೆನೆಟರುಗಳ ಅವಧಿಯೂ 6 ವರ್ಷವೇ. ಅವರನ್ನೂ ಹಿಂದೆ ರಾಜ್ಯಗಳ ಶಾಸನಸಭೆಗಳು ಆರಿಸುತ್ತಿದ್ದವು. 1913ರ ತಿದ್ದುಪಡಿ ಆ ಹಕ್ಕನ್ನು ನೇರವಾಗಿ ಜನರಿಗೆ ಕೊಟ್ಟಿತು.

ಹಾಗಾದರೆ ಒಕ್ಕಲುತನದ ಅಣ್ಣನಿಗೆ ಉಳಿದುದೇನು? ಕಾಯಕಕ್ಕೆ ಘನತೆ ತಂದ ಶರಣ ಮಡಿವಾಳ ಮಾಚಯ್ಯನ ಊರೆಂದು ಹೆಸರಾದ ಹಿಪ್ಪರಗಿಯಲ್ಲಿ, ಓದಿದವರಿಗೆ ಮಾತ್ರ ಹೆಚ್ಚಿನ ಮತವೇಕೆಂದು ಆತ ಕೇಳಿದರೆ ತಪ್ಪೆನ್ನಲಾಗದು. ವಿದ್ಯೆ, ಅನುಭವಗಳಿಗೂ ಶಾಸನ ರಚನೆಯಲ್ಲಿ ಸ್ಥಾನವಿರಲೆಂಬುದು ಈ ಏರ್ಪಾಡಿನ ಸಮರ್ಥಕರ ಉತ್ತರ. ಆ ಉತ್ತರ ಎಲ್ಲರಿಗೂ ಒಪ್ಪಿಗೆಯಾಗಬೇಕೆಂದಿಲ್ಲ.

ಆದರೆ ಆತನ ಕೈ ಬರಿದೇನೂ ಅಲ್ಲ. ಪಂಚಾಯಿತಿ ಸದಸ್ಯರನ್ನೂ ಶಾಸಕರನ್ನೂ ಆರಿಸುವವರು ಆತನಂಥವರೇ. ಆ ಇಬ್ಬರ ಮತಗಳಿಂದ ತುಂಬುವ ಸ್ಥಾನಗಳು 75ರಲ್ಲಿ 50. ಓಣಿಯ ಚುನಾವಣೆಯೆಂದು ಉದಾಸೀನದಿಂದ ಒತ್ತಿದ ಒಂದು ಮುದ್ರೆ, ಮುಂದೆ ಬೆಂಗಳೂರಿನಲ್ಲಿ 6 ವರ್ಷ ಕುಳಿತುಕೊಳ್ಳುವವರನ್ನೂ ನಿರ್ಧರಿಸಬಲ್ಲದು. ಮೇಲ್ಮನೆಯ ಮೊದಲ ಮೆಟ್ಟಿಲು ಇರುವುದು ಊರ ಪಂಚಾಯಿತಿಯ ಬಾಗಿಲಲ್ಲಿಯೇ.