ಈಟನ್ ಶಾಲೆ ಮತ್ತು 20 ಪ್ರಧಾನಿಗಳು
ಇಂಗ್ಲೆಂಡಿನ ಈಟನ್ ಎಂಬ ಖಾಸಗಿ ಬಾಲಕರ ಶಾಲೆ ವಾಲ್‌ಪೋಲ್‌ರಿಂದ ಬೋರಿಸ್ ಜಾನ್ಸನ್‌ವರೆಗೆ ಬ್ರಿಟನ್ನಿಗೆ 20 ಪ್ರಧಾನಿಗಳನ್ನು ನೀಡಿದೆ. 1440ರಲ್ಲಿ ದೊರೆ ಆರನೇ ಹೆನ್ರಿ ಅದನ್ನು ಸ್ಥಾಪಿಸಿದ್ದು 70 ಬಡ ಬಾಲಕರ ಉಚಿತ ವಿದ್ಯಾಭ್ಯಾಸಕ್ಕಾಗಿ ಎಂಬುದನ್ನು ಇಂದು ನೆನೆಯುವವರು ವಿರಳ. (ಅಲ್ಲಿ ಕಲಿತ ಅರ್ಥಶಾಸ್ತ್ರಜ್ಞ ಕೇನ್ಸ್, ಲೇಖಕ ಆರ್ವೆಲ್ ಇಬ್ಬರೂ ವಿದ್ಯಾರ್ಥಿವೇತನದ ಬಲದಿಂದಲೇ ಪ್ರವೇಶ ಪಡೆದವರು.)

2025ರ ಜನವರಿಯಿಂದ ಲೇಬರ್ ಸರ್ಕಾರ ಖಾಸಗಿ ಶಾಲೆಗಳ ಶುಲ್ಕಕ್ಕಿದ್ದ ವಿನಾಯಿತಿಯನ್ನು ರದ್ದುಪಡಿಸಿ ಶೇ 20ರಷ್ಟು ವ್ಯಾಟ್ ವಿಧಿಸಿದೆ. ಇದರಿಂದ ಬೊಕ್ಕಸಕ್ಕೆ ಲಾಭವಾದೀತು. ಅಧಿಕಾರದ ಮೇಲಿನ ಹಿಡಿತ ಸಡಿಲವಾಗದು. ಏರಿದ ಶುಲ್ಕ ತೆರಲಾಗದೆ ಮೊದಲು ಹಿಂದೆ ಸರಿಯುವವರು ಮಧ್ಯಮ ವರ್ಗದ ಪೋಷಕರೇ ಹೊರತು ಸಿರಿವಂತರಲ್ಲ. ಪ್ರತಿ ಶಾಲೆ ಒದಗಿಸುವ ಸಂಪೂರ್ಣ ಉಚಿತ ಸೀಟುಗಳ ಪ್ರಮಾಣಕ್ಕೆ ತಕ್ಕಂತೆ ವಿನಾಯಿತಿಯನ್ನು ಉಳಿಸಿದ್ದರೆ, ಈಟನ್ನಿನ 21ನೆಯ ಪ್ರಧಾನಿ ಬಡವರ ಮನೆಯಿಂದ ಬರುವ ಸಾಧ್ಯತೆಯಾದರೂ ಇರುತ್ತಿತ್ತು.