ಕಾರಣ ಹೇಳದ ಯಂತ್ರಕ್ಕೆ ಕೈಮುಗಿಯಬೇಡಿ



ಹಿಂದೆ ಸಾಲ ಕೇಳಲು ಹೋದರೆ ಸಾಹುಕಾರ ಪಡಸಾಲೆಯಲ್ಲಿ ಕೂತು 'ಇಲ್ಲ ಹೋಗೋ' ಅನ್ನುತ್ತಿದ್ದ. ಯಾಕೆ ಅಂತ ಕೇಳಿದರೆ ಬಾಯಿಗೆ ಬಂದಂತೆ ಬೈಯುತ್ತಿದ್ದ. ಆ ಬೈಗುಳದಲ್ಲಾದರೂ ಒಂದು ಕಾರಣ ಇರುತ್ತಿತ್ತು. 'ಹೋದ ವರ್ಷದ ಬಡ್ಡಿ ಎಲ್ಲೋ? ಎಲ್ಲಾ ಮಗಳ ಮದುವೆಗೆ ಸುರಿದೆಯೇನೋ?' ಅದಕ್ಕೆ ನಾವೂ ಒಂದು ಉತ್ತರ ಕೊಡಬಹುದಿತ್ತು. ಈಗ ಬ್ಯಾಂಕಿಗೆ ಹೋಗಿ ನೋಡಿ. ಮ್ಯಾನೇಜರ್ ಸಾಹೇಬರು ಬೈಯುವುದಿಲ್ಲ, ಕೂರಲು ಕುರ್ಚಿಯನ್ನೂ ಕೊಡುತ್ತಾರೆ. ಕಂಪ್ಯೂಟರ್ ಕಡೆ ಕೈ ತೋರಿಸಿ, 'ಏನ್ ಮಾಡೋದು ಗೌಡ್ರೇ, ಸಿಸ್ಟಮ್ ತಗೊಳ್ತಾ ಇಲ್ಲ' ಅನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು. ಸಿಸ್ಟಮ್ಮಿನ ಜೊತೆ ಜಗಳ ಆಡುವುದು ಹೇಗೆ ಸ್ವಾಮಿ?

ಆಡಬಹುದು ಅಂತ ಹೇಳಲಿಕ್ಕೇ ಈ ಲೇಖನ. ವಾದ ಕೇಳುವ, ಪ್ರತಿವಾದ ಕೇಳುವ, ಕೊನೆಗೆ ಯಾವ ವಾದ ನಿಂತಿತು ಯಾವುದು ಬಿತ್ತು ಎಂದು ತೋರಿಸುವ ಯಂತ್ರವನ್ನು ಮಾಡುವ ವಿದ್ಯೆ ಜಗತ್ತಿನಲ್ಲಿ ಬಹಳ ಹಿಂದೆಯೇ ಹುಟ್ಟಿದೆ. ನಮ್ಮ ಪಾಲಿಗೆ ಬಂದಿರುವುದು ಮಾತ್ರ 300ರಿಂದ 900ರ ನಡುವಿನ ಒಂದು ಅಂಕಿ. ದನದ ಜಾತ್ರೆಯಲ್ಲೂ ಹಲ್ಲು ನೋಡಿ, ಸುಳಿ ನೋಡಿ, ನಡಿಗೆ ನೋಡಿ ಬೆಲೆ ಕಟ್ಟುತ್ತಾರೆ. ಎತ್ತಿಗೆ ಸಿಗುವ ಈ ಮರ್ಯಾದೆ ಎತ್ತಿನ ಒಡೆಯನಿಗೆ ಇಲ್ಲ!

ಆ ವಿದ್ಯೆ ಏನು ಅಂತ ನೋಡೋಣ. ಬ್ಯಾಂಕಾಕಿನಲ್ಲಿ ಪಾಠ ಹೇಳುತ್ತಿದ್ದ ವಿಯೆಟ್ನಾಮಿನ ಫಾನ್ ಮಿನ್ ಡುಂಗ್ ಎಂಬ ವಿದ್ವಾಂಸರು 1995ರಲ್ಲಿ ಒಂದು ಪ್ರಬಂಧ ಬರೆದರು. ಅದರ ಸಾರ ನಮ್ಮ ಅರಳಿಕಟ್ಟೆಯ ಪಂಚಾಯ್ತಿಗೆ ಹೊಸದೇನಲ್ಲ: ಒಂದು ವಾದದ ಮೇಲೆ ಬಂದ ಪ್ರತಿ ಏಟಿಗೂ ಮರು ಏಟು ಕೊಡಲು ಆದರೆ ಆ ವಾದ ನಿಲ್ಲುತ್ತದೆ, ಆಗದಿದ್ದರೆ ಬೀಳುತ್ತದೆ. ಇದನ್ನೇ ಅವರು ಲೆಕ್ಕದ ಭಾಷೆಯಲ್ಲಿ ಕಂಪ್ಯೂಟರಿಗೆ ಅರ್ಥವಾಗುವಂತೆ ಬರೆದರು. 2004ರಲ್ಲಿ ಅರ್ಜೆಂಟೀನಾದ ಬಹಿಯಾ ಬ್ಲಾಂಕಾ ಎಂಬ ಊರಿನ (ಅಲ್ಲಿನ ಗೋಧಿ ಹಡಗು ಹತ್ತುವ ಬಂದರು ಅದು) ಗಾರ್ಸಿಯಾ ಮತ್ತು ಸಿಮಾರಿ ಎಂಬ ಇಬ್ಬರು ಇದನ್ನು ಇನ್ನಷ್ಟು ಮುಂದಕ್ಕೆ ಒಯ್ದರು. ಸಾಮಾನ್ಯ ನಿಯಮ ಒಂದು ಹೇಳಿ, ವಿಶೇಷ ನಿಯಮ ಇನ್ನೊಂದು ಹೇಳಿದರೆ, ಆ ಸಂದರ್ಭಕ್ಕೆ ಹತ್ತಿರವಾದ ವಿಶೇಷ ನಿಯಮವೇ ಗೆಲ್ಲುವಂತೆ ಯಂತ್ರಕ್ಕೆ ಕಲಿಸಿದರು. ಆಮೇಲೆ ವ್ಯಾಪಾರಸ್ಥರ ಸರದಿ. ಮಳೆಯ ಸುದ್ದಿ, ಆವಕದ ಲೆಕ್ಕ, ಆಮದು ಸುಂಕ, ಒಂದು ಹೀಗೆಂದರೆ ಒಂದು ಹಾಗೆನ್ನುವ ಇಂಥ ಮಾಹಿತಿಯನ್ನೆಲ್ಲ ಇಂಟರ್ನೆಟ್ಟಿನಿಂದ ಹೆಕ್ಕಿ, ಪರ ವಿರೋಧ ತೂಗಿ, ಕಂಪನಿಯ ಧಣಿಗಳಿಗೆ ಸಲಹೆ ಕೊಡುವ ವ್ಯವಸ್ಥೆಗಳಿಗೂ ಈ ವಿದ್ಯೆಯನ್ನು ಜೋಡಿಸುವ ಸಂಶೋಧನೆ ನಡೆಯಿತು. ಧಣಿಗೆ ಕಾರಣ ಸಹಿತ ಸಲಹೆ ಬೇಕು. ರೈತನಿಗೆ ಮಾತ್ರ ಕಾರಣವಿಲ್ಲದ 'ಇಲ್ಲ' ಸಾಕು!

ನಮ್ಮದೇ ಒಂದು ಉದಾಹರಣೆ ತಗೊಳ್ಳಿ. ಒಬ್ಬ ರಾಗಿ ರೈತ. ಸಾಲದ ಕಂತು ಕಟ್ಟಿ 90 ದಿನ ದಾಟಿದೆ. ಯಂತ್ರದ ವಾದ: 'ಇವನು ಸುಸ್ತಿದಾರ, ಸಾಲ ಬೇಡ.' ಈಗ ರೈತನ ಪ್ರತಿವಾದ: '90 ದಿನದ ಲೆಕ್ಕ ಅಂಗಡಿಯವನಿಗೆ. ಅಲ್ಪಾವಧಿ ಬೆಳೆಯ ಸಾಲ ಎರಡು ಹಂಗಾಮು ಬಾಕಿ ಉಳಿದರೆ ಮಾತ್ರ ಕೆಟ್ಟ ಸಾಲ ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಹೇಳುತ್ತದೆ.' ವಿಶೇಷ ನಿಯಮ ಬಂತು, ಸಾಮಾನ್ಯ ನಿಯಮ ಬಿತ್ತು. ಯಂತ್ರ ಬಿಡುವುದಿಲ್ಲ: 'ಎರಡು ಹಂಗಾಮೂ ದಾಟಿದೆಯಲ್ಲ?' ರೈತ ಮತ್ತೆ: '2018ರಲ್ಲಿ ರಾಜ್ಯ ಸರ್ಕಾರ ಸಾಲ ಮನ್ನಾ ಅಂದಿತು, ಹಣ ಕಂತುಕಂತಾಗಿ ಬಂತು. ತಡ ನನ್ನದಲ್ಲ, ಸರ್ಕಾರದ್ದು.' ಈ ಮಾತು ಸುಳ್ಳಾದರೆ ಬ್ಯಾಂಕು ದಾಖಲೆ ತೋರಿಸಿ ಬೀಳಿಸಲಿ. ನಾವು ಬೇಡ ಅನ್ನುವುದಿಲ್ಲ. ಆದರೆ ಮಾತು ದಾಖಲಾಗಬೇಕು. ಬರೀ ದಿನ ಎಣಿಸುವ ಯಂತ್ರದಲ್ಲಿ ಈ ಮಾತಿಗೆ ಜಾಗವೇ ಇಲ್ಲ.

ಜಾಗ ಇಲ್ಲದಿದ್ದರೆ ಏನಾಗುತ್ತದೆ? ಆಸ್ಟ್ರೇಲಿಯಾದ ಕಥೆ ಕೇಳಿ. ಅಲ್ಲಿಯ ಸರ್ಕಾರ ಬಡವರಿಗೆ, ನಿರುದ್ಯೋಗಿಗಳಿಗೆ ಭತ್ಯೆ ಕೊಡುತ್ತದೆ. 2016ರಿಂದ ಒಂದು ಯಂತ್ರ ಕೂರಿಸಿದರು. ಜನ ಅದಕ್ಕೆ 'ರೋಬೊಡೆಟ್' ಅಂತ ಹೆಸರಿಟ್ಟರು. ಸಾಲ ಹುಟ್ಟಿಸುವ ಯಂತ್ರ ಎಂದೇ ಅರ್ಥ. ಒಬ್ಬನ ವರ್ಷದ ಸಂಪಾದನೆ ತೆಗೆದುಕೊಂಡು 26 ಪಕ್ಷಗಳಿಗೆ ಸಮನಾಗಿ ಹಂಚಿತು. ಆರು ತಿಂಗಳು ದುಡಿದು, ಆರು ತಿಂಗಳು ಕೆಲಸವಿಲ್ಲದೆ ನ್ಯಾಯವಾಗಿಯೇ ಭತ್ಯೆ ಪಡೆದವನು ಯಂತ್ರದ ಕಣ್ಣಿಗೆ ವರ್ಷವಿಡೀ ದುಡಿದವನಾದ. 'ಹೆಚ್ಚು ಪಡೆದಿದ್ದೀಯ, ವಾಪಸ್ ಕಟ್ಟು' ಅಂತ ನೋಟೀಸು ಹೋಯಿತು. ಸಾಲ ಇಲ್ಲ ಅಂತ ಸಾಬೀತು ಮಾಡುವ ಹೊರೆ ಬಡವನ ತಲೆಗೇ ಬಿತ್ತು. 2020ರಲ್ಲಿ ಸರ್ಕಾರ ತಪ್ಪೊಪ್ಪಿಕೊಂಡು, ಸುಮಾರು 4,70,000 ಸುಳ್ಳು ಸಾಲಗಳಿಗೆ 72 ಕೋಟಿ ಡಾಲರಿನಷ್ಟು ಹಣ ಹಿಂದಿರುಗಿಸುವುದಾಗಿ ಹೇಳಬೇಕಾಯಿತು. 2023ರಲ್ಲಿ ವಿಚಾರಣಾ ಆಯೋಗ ಇದರಲ್ಲಿ ನ್ಯಾಯವೂ ಇರಲಿಲ್ಲ, ಕಾನೂನೂ ಇರಲಿಲ್ಲ ಎಂದು ಛೀಮಾರಿ ಹಾಕಿತು. ಅಷ್ಟರಲ್ಲಿ ಎಷ್ಟು ಮನೆಗಳ ನಿದ್ದೆ ಹೋಗಿತ್ತೋ! ನಮ್ಮವರೇ, ಯೋಚಿಸಿ. ವರ್ಷಕ್ಕೊಮ್ಮೆ ಸುಗ್ಗಿಯಲ್ಲಿ ದುಡ್ಡು ಕಾಣುವವರು ನಾವು. ಸರಾಸರಿ ಯಂತ್ರ ನಮ್ಮನ್ನು ತಿಂಗಳ ಸಂಬಳದವರ ಅಳತೆಗೋಲಲ್ಲಿ ಅಳೆದರೆ ಗತಿ ಏನು?

'ಯಂತ್ರಕ್ಕೆ ಜಾತಿ ಇಲ್ಲ, ಲಂಚ ಇಲ್ಲ, ಅದು ನಿಷ್ಪಕ್ಷಪಾತ' ಅನ್ನುವ ಬುದ್ಧಿವಂತರು ಇದ್ದಾರೆ. ಲಂಚ ಇಲ್ಲ ಅನ್ನುವುದು ನಿಜವೇ ಇರಬಹುದು. ಆದರೆ ಯಾವ ವಾದ ಮೇಲು, ಯಾವುದು ಕೀಳು ಅಂತ ಬರೆದಿಟ್ಟವನು ಮನುಷ್ಯನೇ ತಾನೆ? ಇಲ್ಲಿಯೇ ನಾವು ಎಚ್ಚರವಾಗಿರಬೇಕು. ವಾದ ಮಾಡುವ ಯಂತ್ರವನ್ನೇ ತಂದರೂ, ಮೇಲುಕೀಳಿನ ಪಟ್ಟಿಯನ್ನು ಬ್ಯಾಂಕಿನವರು ಒಳಗೆ ಕೂತು ಬರೆದರೆ ನ್ಯಾಯಾಧೀಶನೂ ಅವರೇ, ವಕೀಲನೂ ಅವರೇ.

ಬೆಂಬಲ ಬೆಲೆಯ ಜಗಳ ನೆನಪಿಸಿಕೊಳ್ಳಿ. ಬೆಲೆ ಆಯೋಗದವರು ಖರ್ಚನ್ನು ಎರಡು ರೀತಿ ಲೆಕ್ಕ ಹಾಕುತ್ತಾರೆ. ಕೈಯಿಂದ ಹಾಕಿದ ಖರ್ಚು ಮತ್ತು ಮನೆಮಂದಿಯ ದುಡಿಮೆ ಸೇರಿದ್ದು ಒಂದು. ಅದರ ಮೇಲೆ ಸ್ವಂತ ಜಮೀನಿನ ಗೇಣಿ, ಸ್ವಂತ ಬಂಡವಾಳದ ಬಡ್ಡಿಯನ್ನೂ ಸೇರಿಸಿದ ಸಿ-2 ಇನ್ನೊಂದು. 2018ರ ಬಜೆಟ್ಟಿನಲ್ಲಿ ಒಂದೂವರೆ ಪಟ್ಟು ಬೆಲೆ ಕೊಟ್ಟೆವು ಅಂತ ಡಂಗುರ ಹೊಡೆದದ್ದು ಮೊದಲನೆಯ ಲೆಕ್ಕದ ಮೇಲೆ. ನಾವು ಕೇಳುತ್ತಿರುವುದು ಎರಡನೆಯದರ ಮೇಲೆ. ನಾವಿನ್ನೂ ಗೆದ್ದಿಲ್ಲ. ಆದರೆ ಈ ಜಗಳ ಸಾಧ್ಯವಾದದ್ದು ಹೇಗೆ? ಎರಡೂ ಲೆಕ್ಕ ಅಚ್ಚಾಗಿ ಎಲ್ಲರ ಮುಂದೆ ಇರುವುದರಿಂದ. ಲೆಕ್ಕ ಬಚ್ಚಿಟ್ಟಿದ್ದರೆ ಮೋಸ ಎಲ್ಲಿದೆ ಅಂತಲೇ ಗೊತ್ತಾಗುತ್ತಿರಲಿಲ್ಲ.

ಕಾರಣ ಕೇಳುವುದು ಅಧಿಕಪ್ರಸಂಗವಲ್ಲ, ಹಕ್ಕು. ಸಾಲದ ಅರ್ಜಿ ತಿರಸ್ಕರಿಸಿದರೆ ಮುಖ್ಯ ಕಾರಣವನ್ನು ಬರವಣಿಗೆಯಲ್ಲಿ ತಿಳಿಸಬೇಕೆಂದು ರಿಸರ್ವ್ ಬ್ಯಾಂಕು 2003ರಲ್ಲಿ ಸಣ್ಣ ಸಾಲಗಾರರಿಗಾಗಿ ಹೇಳಿತು, 2007ರಲ್ಲಿ ಎಲ್ಲಾ ಸಾಲಗಳಿಗೂ ವಿಸ್ತರಿಸಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ! ನಮ್ಮಲ್ಲಿ ಎಷ್ಟು ಜನ ಆ ಕಾಗದ ಕಂಡಿದ್ದೇವೆ? ಯುರೋಪ್ ಒಕ್ಕೂಟದ ನ್ಯಾಯಾಲಯ 2023ರ ಡಿಸೆಂಬರಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸಾಲ ಕೊಡುವವನು ಅಂಕಿಯನ್ನೇ ಬಲವಾಗಿ ನೆಚ್ಚಿಕೊಂಡರೆ, ಆ ಅಂಕಿ ಹಾಕಿದ್ದೇ ಯಂತ್ರ ಕೊಟ್ಟ ತೀರ್ಮಾನ ಎಂದಿತು.

ನಮ್ಮ ಕೆಲವು ಗೆಳೆಯರು 'ಕಂಪ್ಯೂಟರನ್ನೇ ಕಿತ್ತೆಸೆಯೋಣ' ಅನ್ನುತ್ತಾರೆ. ಎಸೆದರೆ ಮತ್ತೆ ಸಾಹುಕಾರನ ಪಡಸಾಲೆಯೇ ಗತಿ. ಯಂತ್ರ ಇರಲಿ. ನಾವು ಕೇಳಬೇಕಾದ್ದು ಇಷ್ಟು:

1. ಸಾಲ, ಬೆಳೆವಿಮೆ, ಪರಿಹಾರ, ಯಾವುದನ್ನೇ ಯಂತ್ರ ತಿರಸ್ಕರಿಸಲಿ, ಕಾರಣವನ್ನು ಕನ್ನಡದಲ್ಲಿ ಬರೆದು ಕೊಡಬೇಕು.

2. ರೈತನ ಪ್ರತಿವಾದ ಅದೇ ಕಡತದಲ್ಲಿ ದಾಖಲಾಗಬೇಕು. ಅದಕ್ಕೆ ಉತ್ತರ ಕೊಡದೆ ತೀರ್ಮಾನ ಜಾರಿಯಾಗಕೂಡದು.

3. ಯಾವ ನಿಯಮ ಯಾವುದನ್ನು ಮೀರಿಸುತ್ತದೆ ಎಂಬ ಪಟ್ಟಿಯನ್ನು ಬ್ಯಾಂಕಿನ ಗೋಡೆಗೆ ಹಚ್ಚಬೇಕು.

4. ಸಾಬೀತು ಮಾಡುವ ಹೊರೆ ಸಾಲ ಇದೆ ಅನ್ನುವವನ ಮೇಲಿರಬೇಕು.

ನಮ್ಮ ಹಳೆಯ ನ್ಯಾಯಶಾಸ್ತ್ರದವರು ಸತ್ಯಕ್ಕಾಗಿ ಆಡುವ ಮಾತಿಗೆ ವಾದ ಅಂದರು, ಗೆಲುವಿಗಾಗಿ ಆಡುವುದಕ್ಕೆ ಜಲ್ಪ ಅಂದರು, ತನ್ನದೇನೂ ಹೇಳದೆ ಎದುರಿನವನನ್ನು ಕೆಡವುವುದಕ್ಕೆ ವಿತಂಡ ಅಂದರು. ವಿತಂಡವಾದಿಯಾದರೂ ಬಾಯಿ ತೆರೆಯುತ್ತಾನೆ. ಬಾಯಿಯನ್ನೇ ತೆರೆಯದೆ 'ಇಲ್ಲ' ಅನ್ನುವ ಈ ಯಂತ್ರಕ್ಕೆ ಅವರ ಶಾಸ್ತ್ರದಲ್ಲಿ ಹೆಸರೂ ಇಲ್ಲ.

ಮುಂದಿನ ಸಲ 'ಸಿಸ್ಟಮ್ ತಗೊಳ್ತಾ ಇಲ್ಲ' ಅಂದಾಗ ಎದ್ದು ಬರಬೇಡಿ. ಅದೇ ಕುರ್ಚಿಯಲ್ಲಿ ಗಟ್ಟಿಯಾಗಿ ಕೂತು, 'ಯಾಕೆ ಅಂತ ಬರೆದು ಕೊಡಿ ಸಾರ್' ಅನ್ನಿ. ಕಾಗದ ಕೈಗೆ ಬರುವ ತನಕ ಏಳಬೇಡಿ.